ಮರ, ಮರಗಳು

ಟೇಬಲ್ಲಿನ ಹೆಸರು ‘ಮರ’ವೋ ‘ಮರಗಳು’ ಅಂತಲೋ,
ಜಬೀನಳಿಗೂ ನನಗೂ ಮಧ್ಯಾಹ್ನವೆಲ್ಲ ಜಗಳ.
ಒಂದು ಸಾಲಿಗೆ ಒಂದೇ ಮರ, ಎಂದಳು.
ಸಾಲು ಎಷ್ಟಿವೆ ನೋಡು, ಎಂದೆ.

ಹನುಮಂತನಗರದಿಂದ ಮುನಿರತ್ನಮ್ಮನ ಫೋನು:
‘ಹನ್ನೊಂದನೇ ಕ್ರಾಸು ಮುಗೀತು ಸಾರ್,
ನಲವತ್ತು ಮರ.’
‘ಗಳು’ ಇಲ್ಲ. ಎಣಿಸಿದವರಿಗೆ
ಅದು ಬೇಕಾಗುವುದಿಲ್ಲ.

‘ಮರ’ ಎಂದೇ ಬರೆದೆವು. ಕೆಳಗೆ ಕಾಲಮ್ಮುಗಳು:
ಮರ_ಸಂಖ್ಯೆ, ಜಾತಿ, ಸುತ್ತಳತೆ, ರಸ್ತೆ,
ಹಿಂದೆ ಯಾರೋ ಬಿಟ್ಟುಹೋದ ‘ಟೆಂಪ್_೨’.
ಒಳಗೇನಿದೆಯೋ, ತೆಗೆಯಲು ಭಯ.

ಸಂಜೆ ಮತ್ತೆ ಫೋನು:
‘ಮೂಲೆ ಹೊಂಗೆ ಕಡ್ದಾಕವ್ರೆ ಸಾರ್,
ಮೂವತ್ತೊಂಬತ್ತು ಮಾಡ್ಕೊಳ್ಳಿ.’

ಅಳಿಸುವ ಹಾಗಿಲ್ಲ, ನಾವೇ ಮಾಡಿದ ನಿಯಮ.
‘ಇದೆಯೇ’ ಎಂಬ ಕಾಲಮ್ಮಿನಲ್ಲಿ ಸೊನ್ನೆ ಒತ್ತಿ
ಜಬೀನ ಬ್ಯಾಗು ಹಾಕಿಕೊಂಡಳು.
ಸಾಲು ಹಾಗೇ ಇದೆ:
ಹೊಂಗೆ, ಸುತ್ತಳತೆ ಐದಡಿ.