ಎಳ್ಳಷ್ಟು

ಅವಳು ಬೀಳಲೆಂದೇ ಗೋಡೆ ಕಟ್ಟುವುದು ನನ್ನ ಕಸುಬು.
ಹದಿನಾರು ವರ್ಷ. ಅದಕ್ಕೆ ಸಂಬಳವೂ ಇತ್ತು.
ಪ್ಲೈವುಡ್ಡಿನ ಮೇಲೆ ಬಣ್ಣಬಣ್ಣದ ಹಿಡಿಗಳು,
ಒಂದೊಂದಕ್ಕೂ ಒಂದು ಬೋಲ್ಟು, ಒಂದು ದುರುದ್ದೇಶ.

ಮೊದಲು ಕಂಡದ್ದು ಯೊನಾಗೊ ಊರಲ್ಲಿ.
ಮುಚ್ಚಿಹೋದ ಪಾಚಿಂಕೊ ಅಂಗಡಿಯನ್ನೇ
ಹತ್ತುವ ಜಾಗ ಮಾಡಿಕೊಂಡಿದ್ದರು;
ದಪ್ಪ ಹಾಸಿಗೆ ಎತ್ತಿದರೆ ಇನ್ನೂ ಉರುಳುತ್ತಿದ್ದವು ಉಕ್ಕಿನ ಗುಂಡುಗಳು.
ಚಿಗುಸಾ ನುಕುಮಿ. ಒಂಬತ್ತು ವರ್ಷ. ಕೋರೆಹಲ್ಲೊಂದು ಇಲ್ಲ.
ಏಡಿ ಬಿಡಿಸುವ ಕಾರ್ಖಾನೆಯಿಂದ ತಾಯಿ ಬರುವತನಕ
ಎಲ್ಲಾದರೂ ಕಾಯಬೇಕಿತ್ತು.
ಕಾದಳು, ನೆಲ ಬಿಟ್ಟು.

ಹತ್ತುವ ಮುಂಚೆ ನೋಡುತ್ತ ಕೂರುವಳು,
ಬರಿಗಾಳಿಯಲ್ಲಿ ಕೈಯಾಡಿಸುತ್ತ,
ಕರೆಂಟು ಹೋದ ಅಡುಗೆಮನೆಯಲ್ಲಿ
ಲೋಟ ತಡಕುವವರ ಹಾಗೆ.
ಐದಡಿಗೆ ಒಂದು ಬೆರಳು ಕಡಿಮೆ.
ಬೆಳೆಯುತ್ತಾಳೆ ಅಂದುಕೊಂಡೆವು. ಬೆಳೆಯಲಿಲ್ಲ.
ಹಿಡಿಗಳು ಬೆಳೆದವು, ದೂರ ದೂರ.

ಆಮೇಲೆ ಪಂದ್ಯಗಳು. ಹಿಂದಿನ ಕೋಣೆಯಲ್ಲಿ
ಫೋನು ಕಸಿದುಕೊಂಡು ಕೂರಿಸುತ್ತಾರೆ.
ನೋಡುವಂತಿಲ್ಲ. ಹೊರಗೆ ಯಾರೋ ಬಿದ್ದಾಗ
ಏಳುವ ಸಾವಿರ ಜನರ ‘ಅಯ್ಯೋ’ವನ್ನು
ಕಿವಿಯಿಂದಲೇ ಅಳೆಯಬೇಕು: ಎಷ್ಟು ಎತ್ತರದಿಂದ?
ಯಾವ ಕೈ ಜಾರಿತು?
ಹೆಸರು ಕೂಗಿದರೆ ನಾಲ್ಕು ನಿಮಿಷ. ಅಷ್ಟೇ ಬದುಕು.

ಬೆರಳ ತುದಿಗಳನ್ನು ರಾತ್ರಿ ಅರದಿಂದ ಉಜ್ಜುವಳು,
ಬಡಗಿ ಮರಕ್ಕೆ ಮಾಡಿದಂತೆ.
ಯಾವುದೋ ದೇಶದ ವಿಮಾನನಿಲ್ದಾಣದಲ್ಲಿ
ಗಾಜಿನ ಯಂತ್ರ ಮೂರು ಸಲ ಒತ್ತಿಸಿಕೊಂಡು ಹೇಳಿತಂತೆ:
ಇಲ್ಲಿ ಯಾರೂ ಇಲ್ಲ.

ಹತ್ತೊಂಬತ್ತಕ್ಕೆ ಉಂಗುರಬೆರಳು ‘ಪಟ್’ ಎಂದಿತು,
ಮೂರನೆಯ ಸಾಲಿನವರಿಗೂ ಕೇಳಿಸುವಂತೆ.
ಎಂಟು ತಿಂಗಳು ಎಡಗೈಯಲ್ಲಿ ಊಟ.
ಅದನ್ನೂ ಹಟ ಹಿಡಿದು ಕಲಿತಳು,
ಎರಡು ಕಡ್ಡಿಯ ನಡುವೆ ಒಂದೊಂದೇ ಸೋಯಾಕಾಳು.

ಇನ್ನು ಉತ್ಸುನೊಮಿಯಾ. ಹೇಳಲೇಬೇಕು.
ಫೈನಲ್ಲಿನ ಹಿಂದಿನ ರಾತ್ರಿ, ಹನ್ನೆರಡು ದಾಟಿತ್ತು.
ನಾಲ್ಕನೆಯ ಗೋಡೆ ನೋಡಿ ಮುಖ್ಯಸ್ಥ ಆಕಳಿಸಿದ:
‘ಸುಲಭವಾಯಿತು, ಕಬುರಾಗಿ.’
ಏಣಿ ಹತ್ತಿದೆ. ತುದಿಯ ಹಳದಿ ಹಿಡಿಯನ್ನು
ಎಳ್ಳಷ್ಟು ತಿರುಗಿಸಿದೆ.
ಎಳ್ಳಷ್ಟು.

ಮರುದಿನ ಅವಳಿಗೆ ಉಳಿದದ್ದು ಹನ್ನೊಂದು ಸೆಕೆಂಡು.
ಎರಡೂ ಕೈ ಸೇರಿ ಹಿಡಿದರೆ ಚಿನ್ನ.
ಒಂದು ಕೈ ಬಂತು.
ಇನ್ನೊಂದು ಬರುವಷ್ಟರಲ್ಲಿ
ಅಂಗೈಯ ಬಿಳಿಪುಡಿ ಮಾತ್ರ ಮೇಲೆ ನಿಂತಿತ್ತು,
ಅವಳು ಕೆಳಗಿದ್ದಳು.
ಎದ್ದು ಗೋಡೆಗೆ ತಲೆಬಾಗಿದಳು, ರೂಢಿಯಂತೆ.
ಗೋಡೆಯ ಹಿಂದೆ ನಾನಿದ್ದೆ,
ಜೇಬಿನಲ್ಲಿ ಆ ಕೀಲಿ.

ಬೆಳ್ಳಿಗಳು ನಾಲ್ಕು. ಚಿನ್ನ ಒಂದೂ ಇಲ್ಲ.
ಇಪ್ಪತ್ತೈದಕ್ಕೆ ಬಿಟ್ಟಳು, ಸದ್ದಿಲ್ಲದೆ.
ಪತ್ರಿಕೆಯಲ್ಲಿ ಎರಡು ಸಾಲು; ಅದರಲ್ಲೂ ಎತ್ತರ ತಪ್ಪಾಗಿತ್ತು,
ಮೂರು ಸೆಂಟಿಮೀಟರ್ ಜಾಸ್ತಿ ಕೊಟ್ಟಿದ್ದರು.
ಅದನ್ನು ಕತ್ತರಿಸಿ ಇಟ್ಟುಕೊಂಡಿದ್ದಾಳೆ.

ಡಿಸೆಂಬರಿನ ಒಂದು ಬೆಳಗ್ಗೆ ಗೋದಾಮಿಗೆ ಬಂದಳು,
ಸ್ವಂತ ಡ್ರಿಲ್ಲಿನ ಜೊತೆ: ‘ಕೆಲಸ ಕಲಿಸಿ.’
ಮೂರು ವಾರ ಕಲಿಸಿದೆ. ಮೂರು ವಾರ ನುಂಗಿಕೊಂಡೆ.
ಕೊನೆಗೆ ಏಣಿಯ ಮೇಲಿದ್ದವಳಿಗೆ ಕೆಳಗಿಂದ ಹೇಳಿದೆ:
‘ಉತ್ಸುನೊಮಿಯಾದ ಆ ಹಳದಿ ಹಿಡಿ...’

ಬಾಯಲ್ಲಿದ್ದ ಸ್ಕ್ರೂಗಳನ್ನು ಒಂದೊಂದಾಗಿ ತೆಗೆದಳು.
‘ಬೋಲ್ಟಿನ ಸುತ್ತ ಹೊಸ ಗೀರಿತ್ತು.
ಕೆಳಗೆ ನಿಂತಾಗಲೇ ಕಂಡಿತ್ತು.’
ನಿಮ್ಮ ತಪ್ಪಲ್ಲ ಎನ್ನಲಿಲ್ಲ.
‘ನಾನಾಗಿದ್ದರೆ ಇನ್ನಷ್ಟು ತಿರುಗಿಸುತ್ತಿದ್ದೆ’
ಎಂದು ಮತ್ತೆ ಸ್ಕ್ರೂ ಕಚ್ಚಿಕೊಂಡಳು.

ಇವತ್ತು ಕಿರಿಯರ ಪಂದ್ಯ. ಗೋಡೆಯ ಹಿಂದೆ
ಮರದ ಪಟ್ಟಿಗಳ ನಡುವೆ ಕೂತು ಡಬ್ಬಿ ಬಿಚ್ಚಿದ್ದೇವೆ.
ಅವಳು ತಿನ್ನುವುದು ಈಗಲೂ ಎಡಗೈಯಲ್ಲಿ.
ಆ ಬದಿಯಿಂದ ಬೂಟಿನ ಉಜ್ಜು, ಉಸಿರು,
ಹಲಗೆ ನಡುಗಿದ್ದು. ಜನರ ‘ಅಯ್ಯೋ’.
ಕಡ್ಡಿಗಳು ಅರ್ಧದಲ್ಲಿ ನಿಂತವು.
‘ಎರಡನೆಯ ಕೈ ಬರಲಿಲ್ಲ’ ಎಂದಳು,
ಮತ್ತು ಕಾಳೊಂದನ್ನು ಎತ್ತಿಕೊಂಡಳು.