ಸ್ವಲ್ಪ ಹಿಂದೆ ಹೋಗಿ

ನಮ್ಮ ಕೂಟಕ್ಕೆ ಹೆಸರಿಲ್ಲ. ತಿಂಗಳ ಎರಡನೇ ಶನಿವಾರ
ದುರ್ಗಿಗುಡಿಯ ಟ್ಯುಟೋರಿಯಲ್ ಮಹಡಿಯಲ್ಲಿ
ಯಾರೋ ಬಿಟ್ಟುಹೋದ ತ್ರಿಕೋನಮಿತಿಯ ಮೇಲೆ
ಬಿಳಿ ಪಂಚೆ ಕಟ್ಟುತ್ತೇನೆ.
ಕಥೆಯಿಲ್ಲದ ಚಿತ್ರಕ್ಕೆ ಹತ್ತು ಜನ ಬಂದರೆ
ಹಬ್ಬ.

ಹೀರೋ ಯಾರು ಈ ಸಲ? ಕೆಳಗಿನ ಜೆರಾಕ್ಸಿನ ಇದಿನಬ್ಬ ಕೇಳುತ್ತಾನೆ.
ಉಪ್ಪು, ಅನ್ನುತ್ತೇನೆ.
ಹೋದ ತಿಂಗಳು?
ಕಿವುಡು ಮಕ್ಕಳ ಶಾಲೆಯ ಗಂಟೆ.
ಅವರಿಗೆ ಗಂಟೆ ಯಾಕೆ ಮಾರಾಯ, ಎಂದು ನಗುತ್ತಾನೆ.
ಬಾರಿಸಿದ ಮೇಲೆ ಮಕ್ಕಳು ಸಾಲಾಗಿ ಬಂದು
ಅದರ ಮೇಲೆ ಅಂಗೈ ಇಡುತ್ತಿದ್ದವು.
ಇದನ್ನು ಮೆಟ್ಟಿಲ ಮೇಲೆ ನಿಂತು ಹೇಳುವುದು ಹೇಗೆ?

ನನ್ನ ಕೇಳಿದರೆ, ಇಪ್ಪತ್ತೆರಡು ನಿಮಿಷದ್ದು ಒಂದಿದೆ.
ತುಂಗೆಯ ಸೇತುವೆ ಕೆಳಗೆ
ನೀರಿನ ಮಟ್ಟ ಬರೆದುಕೊಳ್ಳುವ ನೌಕರ.
ಬೆಳಿಗ್ಗೆ ಆರಕ್ಕೆ ಬರುತ್ತಾನೆ, ಚಪ್ಪಲಿ ಬಿಡುತ್ತಾನೆ
(ಗುಡಿಯೇನಲ್ಲ, ಆದರೂ),
ಕಂಬದ ಅಂಕಿ ಓದುತ್ತಾನೆ, ಬರೆಯುತ್ತಾನೆ, ಹೋಗುತ್ತಾನೆ.
ಮಂಟಪ ಮುಳುಗಿತೆಂದು ಊರೆಲ್ಲ ಓಡಿಬಂದ ದಿನ
ಚಿತ್ರದಲ್ಲಿಲ್ಲ.
ಇರುವುದು ಮಾಗಿಯ ಒಂದು ಬೆಳಗು:
ಪೆನ್ಸಿಲ್ಲಿನ ಮೊನೆ ಮುರಿದಿದೆ.
ಆಫೀಸಿನವರೆಗೂ ಅಂಕಿಯನ್ನು ತುಟಿಯಲ್ಲೇ ಹೊತ್ತು ನಡೆಯುತ್ತಾನೆ,
ಎರಡು ಪಾಯಿಂಟ್ ನಾಲ್ಕು ಸೊನ್ನೆ, ಎರಡು ಪಾಯಿಂಟ್ ನಾಲ್ಕು ಸೊನ್ನೆ.
ದಾರಿಯಲ್ಲಿ ಯಾರೋ ಚಹಾಕ್ಕೆ ಕರೆದರೆ ತಲೆಯಾಡಿಸುತ್ತಾನೆ,
ಉತ್ತರ ಕೊಟ್ಟರೆ
ಹೊಳೆ ಚೆಲ್ಲೀತು ಎಂಬಂತೆ.

ಒಮ್ಮೆ ಭದ್ರಾವತಿಯಿಂದ ಫಿಲೋಮಿನಮ್ಮ ಬಂದರು,
ಬಸ್ಸಿನ ಟಿಕೆಟು ಇನ್ನೂ ಕೈಯಲ್ಲಿ.
ಅಂದು ಕಬ್ಬಿಣದ ಕಾರ್ಖಾನೆಯ ಹಳೇ ಚಿತ್ರ.
ಹಿನ್ನೆಲೆಯಲ್ಲಿ ಇಸ್ತ್ರಿ ಹಾಕಿದ ದನಿ:
ಉತ್ಪಾದನೆ, ದೇಶ, ಟನ್ನು.
ಕುಲುಮೆ ಬಾಯಿ ತೆರೆದಾಗ
ನಾವೆಲ್ಲ ಬೆಂಕಿ ನೋಡಿದೆವು.
ಅವರು ಅಂದರು: ನಿಲ್ಸಿ. ಸ್ವಲ್ಪ ಹಿಂದೆ ಹೋಗಿ.
ಎಡಮೂಲೆಯಲ್ಲಿ, ಅರ್ಧ ಹೊಗೆಯಲ್ಲಿ,
ಒಬ್ಬಾತ ಊಟದ ಡಬ್ಬಿಯ ಮುಚ್ಚಳಕ್ಕೆ
ಅಂಗೈ ಬುಡದಿಂದ ಗುದ್ದುತ್ತಿದ್ದ.
ಮೂರು ಸಲ ಹಿಂದೆ ಹೋದೆ.
ಅಳಲಿಲ್ಲ ಅವರು. ಪಂಚೆಯನ್ನೇ ಗದರಿದರು:
ಗುದ್ದಬೇಡಿ, ಎಡಕ್ಕೆ ಅರ್ಧ ಸುತ್ತು ಅಂತ
ಎಷ್ಟು ಸಲ ಹೇಳಿದ್ದೆ.

ಚಿತ್ರ ತೆಗೆದವನು ಅವನನ್ನು ತೆಗೆದದ್ದೇ ಅಲ್ಲ.
ಅತ್ತ ಸರಿ ಎನ್ನಲು ಮರೆತಿದ್ದ, ಅಷ್ಟೆ.

ಇವು ಯಾಕೆ ಮನಸ್ಸಿನಲ್ಲಿ ಉಳಿಯುತ್ತವೆ,
ಒಂದು ಪುಟ ಬರೆದುಕೊಡಿ ಅಂದಿದ್ದಾರೆ ಕಾಲೇಜಿನವರು.
ಸತ್ಯ ಎಂದು ಬರೆದೆ. ಹೊಡೆದುಹಾಕಿದೆ.
ಕಥೆಯ ಚಿತ್ರದಲ್ಲಿ ಬಾಗಿಲು ತೆರೆದರೆ
ಯಾರಾದರೂ ಬರಲೇಬೇಕು,
ಇಲ್ಲಿ ಗಾಳಿಗೂ ತೆರೆಯುತ್ತದೆ, ಎಂದು ಬರೆದೆ.
ಅದೂ ಜಾಣತನವೇ ಅನ್ನಿಸಿ
ಪುಟ ಹಾಗೇ ಇದೆ.

ನಿನ್ನೆ ಸಿಟಿ ಬಸ್ಸು ಸೇತುವೆಗೆ ಹತ್ತಿತು.
ಕಿಟಕಿಗೆ ಬಗ್ಗಿ ಕಂಬದ ಅಂಕಿ ಹುಡುಕುತ್ತಿದ್ದೆ.
ಎಲ್ಲಿಗೆ, ಅಂದ ಕಂಡಕ್ಟರು.
ಎರಡು ಪಾಯಿಂಟ್ ನಾಲ್ಕು ಸೊನ್ನೆ,
ಅಂದುಬಿಟ್ಟೆ.