ನಲವತ್ತೆರಡನೆಯದು

ಕಿಸುಮು ಪೇಟೆಯಲ್ಲಿ ಮೊಳೆ ಮಾರುವ ಅಂಗಡಿಯ ಮಾಳಿಗೆ.
ತಗಡಿನ ಸೂರು, ಒಂದು ಮೇಜು, ಒಂದು ಫ್ಯಾನು.
ಕರೆಂಟಿದ್ದರೆ ಅದು ತಿರುಗುತ್ತದೆ,
ಹೋದರೆ ನಾನು ತಿರುಗುತ್ತೇನೆ, ಗೋಡೆಯಿಂದ ಗೋಡೆಗೆ.
ನಲವತ್ತೊಂದು ಇ-ಪುಸ್ತಕ ಬರೆದಿದ್ದೇನೆ ಇಲ್ಲಿ ಕೂತು.
ಒಂದರ ಮೇಲೂ ನನ್ನ ಹೆಸರಿಲ್ಲ.

ಸಾಕದ ನಾಯಿಯ ಬಗ್ಗೆ, ಅದರ ಕಿವಿಸೋರಿಕೆಯ ಬಗ್ಗೆ,
ಕಾಣದ ಸೇಬಿನ ಮರಕ್ಕೆ ಕತ್ತರಿ ಹಾಕುವ ತಿಂಗಳ ಬಗ್ಗೆ,
ಹತ್ತೇ ದಿನದಲ್ಲಿ ಗೊರಕೆ ನಿಲ್ಲಿಸುವ ಬಗ್ಗೆ.
(ಪಕ್ಕದ ಕೋಣೆಯಲ್ಲಿ ಅಪ್ಪ ಇವತ್ತಿಗೂ ಗರಗಸ ಎಳೆಯುತ್ತಾನೆ.)
ಹಿಮ ಬಿದ್ದ ರಸ್ತೆಯಲ್ಲಿ ಕಾರು ನಡೆಸುವ ಬಗ್ಗೆ—
ನಾನು ಕಂಡ ಹಿಮವೆಂದರೆ
ಮೀನಿನ ಪೆಟ್ಟಿಗೆಯಲ್ಲಿ ಕರಗುವ ಐಸು.
ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟುವುದು ನನ್ನ ಕಸುಬು,
ಕರುವಿಗೆ ಬಣ್ಣ, ತೂಕ, ಮೇವಿನ ಪಟ್ಟಿ ಕೊಡುವುದೂ.

ಸೋಮವಾರ ಧಣಿ ಬರೆದ:
ಅಪೊಂದಿ, ಹೊಸ ವಿಷಯ ಬೇಕು ಶುಕ್ರವಾರದೊಳಗೆ,
ಯಾರೂ ಬರೆದಿರಬಾರದು, ಎಲ್ಲರೂ ಹುಡುಕುತ್ತಿರಬೇಕು.
ಇನ್ನೂ ಹುಟ್ಟಿರಬಾರದು,
ಆದರೆ ಲೋಕವೆಲ್ಲ ಹೆಸರು ಹಿಡಿದು ಕೂಗುತ್ತಿರಬೇಕು,
ಅಂಥ ಮಗುವನ್ನು ತಾ ಎಂದ ಹಾಗೆ.

ಶಾಲೆಯ ಹಳೇ ನೋಟ್‌ಬುಕ್ಕಲ್ಲಿ ಬರೆದೆ, ಹೊಡೆದೆ, ಬರೆದೆ.
ಸರೋವರದ ದಡಕ್ಕೆ ಹೋದೆ.
ನೀರೆಲ್ಲಿ, ಅಂತರಗಂಗೆ ಹಸಿರು ಚಾಪೆ ಹಾಸಿತ್ತು.
ಬಲೆ ಹೆಣೆಯುತ್ತಿದ್ದ ಓಬುಯಾನನ್ನು ಕೇಳಿದೆ:
ಗಂಟು ಹಾಕುವುದು ಹೇಳಿಕೊಡು, ಪುಸ್ತಕ ಮಾಡುತ್ತೇನೆ.
ಎಷ್ಟು ಕೊಡ್ತಾರೆ? ಅಂದ. ಹೇಳಿದೆ.
ನಕ್ಕ, ಬಾಯಲ್ಲಿದ್ದ ದಾರ ಬೀಳುವ ಹಾಗೆ.
ಒಂದು ಬಲೆಗೆ ಅದಕ್ಕಿಂತ ಜಾಸ್ತಿ ಸಿಗುತ್ತೆ, ಕೂತ್ಕೋ, ಹೆಣಿ.
ಒಮೆನಾ ಒಣಹಾಕುತ್ತಿದ್ದ ಮುದುಕಿ ಬೆನ್ನು ನೆಟ್ಟಗೆ ಮಾಡಿ,
ಸೊಸೆಯ ಬಾಯಿ ಮುಚ್ಚಿಸುವುದು ಹೇಗೆ, ಅದನ್ನು ಬರಿ,
ನಾನೊಬ್ಬಳೇ ಮೂರು ಕೊಳ್ತೀನಿ ಅಂದಳು.

ಗುರುವಾರ ರಾತ್ರಿ ಒಂದು ಪತ್ರ.
ಧಣಿ ಓದದೆ ನನಗೆ ತಳ್ಳಿದ್ದ.
ಸಸ್ಕ್ಯಾಚೆವಾನ್ ಅಂತೊಂದು ಸೀಮೆ, ಒರೆಸ್ಟ್ ಅಂತೊಬ್ಬ.
'ಹದಿನೇಳನೇ ಪುಟ: ಬ್ರೇಕು ಮುಟ್ಟಬೇಡಿ,
ಹಿಂಗಾಲಿ ಜಾರುವ ಕಡೆಗೇ ಸ್ಟೀರಿಂಗು ತಿರುಗಿಸಿ.
ತಿರುಗಿಸಿದೆ. ಬದುಕಿದೆ.
ಚಳಿಗಾಲದಲ್ಲಿ ಕಾರು ನಡೆಸುತ್ತಿದ್ದವಳು ಅವಳು,
ಮೂವತ್ತೊಂದು ವರ್ಷ ನಾನು ಪಕ್ಕದ ಸೀಟು.
ಈಗ ಅವಳ ಜಾಗದಲ್ಲಿ ಕೂರುತ್ತೇನೆ.
ಸೀಟು ಅವಳ ಕಾಲಳತೆಗೇ ಇದೆ,
ನನ್ನ ಮೊಣಕಾಲು ತಗಲುತ್ತದೆ.
ಹಿಂದಕ್ಕೆ ಸರಿಸಬೇಕೆ?
ನಿಮ್ಮ ಪುಸ್ತಕದಲ್ಲಿ ಅದು ಸಿಗಲಿಲ್ಲ.'

ಕೈ ನಡುಗಿತು.
ಹದಿನೇಳನೇ ಪುಟ ಮೂರು ಕಡೆಯಿಂದ ಎತ್ತಿ ಹೊಲಿದದ್ದು,
ಮಧ್ಯೆ ಒಂದೇ ಒಂದು ಎಳೆ ನನ್ನದು—
ಮಳೆಗಾಲದ ಕೆಂಪು ಕೆಸರಲ್ಲಿ ನಮ್ಮಣ್ಣನ ಬೋಡಾ ಜಾರಿದಾಗ
ಹಿಂದೆ ಕೂತು ನಾನು ಕಿರುಚಿದ್ದು.
ಅಷ್ಟರ ಮೇಲೆ ಒಬ್ಬ ಮನುಷ್ಯ
ತನ್ನ ಪ್ರಾಣ ಇಟ್ಟಿದ್ದ.

ಶುಕ್ರವಾರ ಧಣಿಗೆ ಕಳಿಸಿದೆ:
'ಒಣ ಚರ್ಮಕ್ಕೆ ಹದಿನಾಲ್ಕು ಎಣ್ಣೆಗಳು.'
ಭೇಷ್, ಅಂದ. ಮುಂಗಡ ಬಂತು. ಬಾಡಿಗೆ ಹೋಯಿತು.

ರಾತ್ರಿ ಕರೆಂಟಿಲ್ಲ. ನೋಟ್‌ಬುಕ್ಕಲ್ಲಿ
ನಲವತ್ತೆರಡು ಎಂದು ಹಾಕಿ, ಮುಂದೆ 'ಸೀಟು' ಎಂದು ಬರೆದೆ.
ಉತ್ತರ ಗೊತ್ತಿಲ್ಲ. ನೀರು ಕುಡಿಯಲು ಎದ್ದೆ.
ಮೊಬೈಲ್ ಬೆಳಕಲ್ಲಿ ಅಪ್ಪನ ಮಂಚ:
ಗೋಡೆಗೆ ಅಂಟಿ, ಒಂದೇ ಅಂಚಿನಲ್ಲಿ, ಮಡಚಿಕೊಂಡು.
ಈಚೆ ಅರ್ಧ ಖಾಲಿ. ದಿಂಬೂ ಇತ್ತು.
ಅಮ್ಮ ಹೋಗಿ ಆರು ವರ್ಷ.
ನಾನು ಈವರೆಗೆ ಗೊರಕೆಯನ್ನಷ್ಟೇ ಕೇಳಿದ್ದೆ.

ನಡುವೆ ಒಮ್ಮೆ ಗೊರಕೆ ನಿಂತಿತು.
ಕಾದೆ, ಲೋಟ ಕೈಯಲ್ಲೇ.
ಮತ್ತೆ ಶುರುವಾಯಿತು.
ಬಂದು ಕೂತೆ. 'ಒರೆಸ್ಟ್ ಅವರೇ,
ನನ್ನ ಹೆಸರು ಅಪೊಂದಿ, ನಾನು ಹಿಮ ನೋಡಿಲ್ಲ.'